ಸ್ಕೆಚ್‌ನಲ್ಲಿದ್ದ ಜೀವ ಪೇಂಟಿಂಗ್‌ಗೆ ಬರುವಷ್ಟರಲ್ಲಿ ಎಲ್ಲಿ ಹೋಗುತ್ತದೆ?

ನೀವು ಕೇಳಿದ್ದು ಎರಡು ವಿಷಯ. ಪೆನ್ಸಿಲ್ ಸ್ಕೆಚ್ ಚೆನ್ನಾಗಿ ಬರುತ್ತದೆ, ಅದನ್ನೇ ದೊಡ್ಡದು ಮಾಡಿ ವಾಟರ್‌ಕಲರ್ ಹಾಕಿದರೆ ಜೀವವೇ ಇರುವುದಿಲ್ಲ, ಯಾಕೆ? ಮತ್ತೆ, ಇದನ್ನೇ ಕಸುಬು ಮಾಡಿಕೊಂಡವರು ಸ್ಕೆಚ್‌ನಿಂದ ಮುಗಿದ ಚಿತ್ರದವರೆಗೆ ಹೇಗೆ ಹೋಗುತ್ತಾರೆ?

ನಾನು ಇರುವುದು ಉಡುಪಿಯಲ್ಲಿ. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುತ್ತೇನೆ. ಯಕ್ಷಗಾನದ ಆಟ ಇದ್ದಲ್ಲಿಗೆ ಹೋಗಿ ಚೌಕಿಯಲ್ಲಿ, ಅಂದರೆ ಕಲಾವಿದರು ವೇಷ ಕಟ್ಟಿಕೊಳ್ಳುವ ಜಾಗದಲ್ಲಿ, ಕೂತು ಸ್ಕೆಚ್ ಮಾಡುವುದು ನನ್ನ ಇಷ್ಟದ ಕೆಲಸ. ಅಂಥ ಒಂದು ಚೌಕಿ ಚಿತ್ರವನ್ನೇ ಉದಾಹರಣೆಗೆ ಇಟ್ಟುಕೊಂಡು ಹೇಳುತ್ತೇನೆ.

ಮೊದಲು, ಯಾಕೆ ಹೀಗಾಗುತ್ತದೆ ಎನ್ನುವುದು. ಸ್ಕೆಚ್ ಮಾಡುವಾಗ ಸಮಯ ಇರುವುದಿಲ್ಲ. ಎದುರಿಗೆ ಕೂತವರು ಯಾವಾಗ ಎದ್ದು ಹೋಗುತ್ತಾರೋ ಗೊತ್ತಿಲ್ಲ. ಹಾಗಾಗಿ ಬಹಳಷ್ಟನ್ನು ಬಿಡುತ್ತೀರಿ. ಹಿಂದಿನ ಗೋಡೆ ಬಿಡುತ್ತೀರಿ, ಕಾಲಿನ ಬೆರಳು ಬಿಡುತ್ತೀರಿ, ಅಂಗಿಯ ಗುಂಡಿ ಬಿಡುತ್ತೀರಿ. ಯಾವುದು ಮುಖ್ಯ ಎಂದು ಕಣ್ಣು ಅಲ್ಲೇ ಆರಿಸಿ ಆಗಿರುತ್ತದೆ. ಆದರೆ ಮನೆಗೆ ಬಂದು ದೊಡ್ಡ ಪೇಪರ್ ಮುಂದೆ ಕೂತರೆ ಸಮಯ ಬೇಕಾದಷ್ಟು. ಫೋನಿನಲ್ಲಿ ಫೋಟೋ ಬೇರೆ ಇರುತ್ತದೆ. ಬಿಟ್ಟದ್ದನ್ನೆಲ್ಲ ಒಂದೊಂದಾಗಿ ತುಂಬಿಸಲು ಶುರು ಮಾಡುತ್ತೇವೆ. ಗೋಡೆ ಬಂತು, ಬೆರಳು ಬಂತು, ಗುಂಡಿಯೂ ಬಂತು. ಕೊನೆಗೆ ಚಿತ್ರದಲ್ಲಿ ಎಲ್ಲವೂ ಇರುತ್ತದೆ, ನಿಮ್ಮನ್ನು ಪೆನ್ಸಿಲ್ ಹಿಡಿಯುವಂತೆ ಮಾಡಿದ್ದು ಮಾತ್ರ ಆ ಗದ್ದಲದಲ್ಲಿ ಎಲ್ಲೋ ಕಳೆದುಹೋಗಿರುತ್ತದೆ.

ನನ್ನ ಪ್ರಕಾರ ಸ್ಕೆಚ್‌ಗೂ ಪೇಂಟಿಂಗ್‌ಗೂ ನಡುವೆ ಮಾಡುವ ಕೆಲಸವೆಲ್ಲ ಇದೊಂದಕ್ಕಾಗಿ: ಅಲ್ಲಿ ಬಿಟ್ಟದ್ದನ್ನು ಇಲ್ಲಿಯೂ ಬಿಟ್ಟೇ ಇರುವುದು ಹೇಗೆ? ಇದನ್ನು ಕಣ್ಣಾರೆ ನೋಡಬೇಕಾದರೆ ಕೆ.ಕೆ. ಹೆಬ್ಬಾರರ ರೇಖಾಚಿತ್ರಗಳನ್ನು ಹುಡುಕಿ ನೋಡಿ. ನಮ್ಮ ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದವರು. ಲಯ ಅಂದರೆ ಏನು ಎಂದು ತಿಳಿಯಲು ಕಥಕ್ ಕಲಿತವರು. ಅವರ ನರ್ತಕಿಯ ಚಿತ್ರದಲ್ಲಿ ಕೆಲವೇ ಗೆರೆ ಇರುತ್ತದೆ. ಕೈಬೆರಳನ್ನು ಪೂರ್ತಿ ಬರೆದಿರುವುದಿಲ್ಲ. ಆದರೂ ಕೈ ತಿರುಗುವುದು ಕಾಣುತ್ತದೆ, ಅಲ್ವಾ? ನಾನು ಎಲ್ಲೇ ಸಿಕ್ಕಿಹಾಕಿಕೊಂಡರೂ ಮೊದಲು ತೆರೆಯುವುದು ಆ ಗೆರೆಗಳನ್ನೇ.

ಈಗ ಚೌಕಿಗೆ ಬರೋಣ. ಮೇಳಗಳ, ಅಂದರೆ ಯಕ್ಷಗಾನ ತಂಡಗಳ, ತಿರುಗಾಟ ನವೆಂಬರ್ ಹೊತ್ತಿಗೆ ಶುರುವಾಗಿ ಮೇ ಕೊನೆಗೆ ಬರುವ ಪತ್ತನಾಜೆ ಎಂಬ ದಿನಕ್ಕೆ ಮುಗಿಯುತ್ತದೆ. ಆಮೇಲೆ ಮಳೆ ಹಿಡಿಯುತ್ತದೆ. ಹಾಗಾಗಿ ನನ್ನ ಸ್ಕೆಚ್‌ಗಳೆಲ್ಲ ಚಳಿಗಾಲ ಬೇಸಿಗೆಯವು, ಪೇಂಟಿಂಗ್‌ಗಳೆಲ್ಲ ಮಳೆಗಾಲದವು. ನಡುವಿನ ಈ ಅಂತರ ತುಂಬ ಒಳ್ಳೆಯದು ಎಂದು ನನಗೆ ಅನ್ನಿಸಿದೆ. ಬೇಡದ್ದನ್ನು ಮರೆಯಲು ಮನಸ್ಸಿಗೆ ಸಮಯ ಸಿಗುತ್ತದೆ. ತಿಂಗಳಾದ ಮೇಲೂ ಕಣ್ಣ ಮುಂದೆ ನಿಲ್ಲುವುದು ಏನೋ ಅದೇ ಚಿತ್ರ.

ಸ್ಕೆಚ್ ಕಲಿಯುವವರಿಗೆ ಚೌಕಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಕಲಾವಿದರು ತಮ್ಮ ಮುಖವರ್ಣಿಕೆ ತಾವೇ ಮಾಡಿಕೊಳ್ಳುತ್ತಾರೆ. ಚಾಪೆ ಮೇಲೆ ಕೂತು, ಚಿಕ್ಕ ಕನ್ನಡಿ ಹಿಡಿದು, ಕಡ್ಡಿಯಿಂದ ಒಂದೊಂದೇ ಗೆರೆ ಎಳೆಯುತ್ತಾರೆ. ಬಣ್ಣದ ವೇಷದವರಿಗೆ, ಅಂದರೆ ರಾಕ್ಷಸ ಪಾತ್ರದವರಿಗೆ, ಅಕ್ಕಿಹಿಟ್ಟು, ಸುಣ್ಣದ ಚಿಟ್ಟಿ (ಮುಖದ ಮೇಲೆ ಉಬ್ಬಿ ಕಾಣುವ ಬಿಳಿ ಚುಕ್ಕೆಗಳು) ಇಡುವುದಕ್ಕೇ ಗಂಟೆಗಟ್ಟಲೆ ಬೇಕು. ಅಷ್ಟು ಹೊತ್ತು ಅಲುಗಾಡದೆ ಕೂರುವ ಮಾಡೆಲ್ ನಿಮಗೆ ಎಲ್ಲಿ ಸಿಗುತ್ತಾರೆ ಮಾರಾಯ್ರೆ! ಆದರೆ ಕೇಳಿಕೊಂಡು ಒಳಗೆ ಹೋಗಿ. ಅಲ್ಲಿ ಗಣಪತಿಗೆ ಪೂಜೆ ಆಗುತ್ತದೆ, ಚಪ್ಪಲಿ ಹೊರಗೇ ಇರಲಿ. ಅವರ ಬೆಳಕಿಗೆ ಅಡ್ಡ ಕೂರಬೇಡಿ. ಮಾತಾಡಿಸುವುದೂ ಬೇಡ.

ಸ್ಕೆಚ್ ಪುಸ್ತಕ ಎ5 ಅಳತೆಯದ್ದು ಸಾಕು. ಗೆರೆಯ ಜೊತೆಗೆ ನಾನು ನಾಲ್ಕು ಮಾತು ಬರೆದುಕೊಳ್ಳುತ್ತೇನೆ. "ಬಲ್ಬು ಎಡಕ್ಕೆ, ಮೇಲೆ." "ಗಲ್ಲದ ಕೆಳಗೆ ನೀಲಿ." "ಕನ್ನಡಿಯೇ ಎಲ್ಲಕ್ಕಿಂತ ಬೆಳಕು." "ಹಿಂದೆ ನೇತು ಹಾಕಿದ ಬಟ್ಟೆ, ಒಂದೇ ಕಪ್ಪು." ಆರು ತಿಂಗಳು ಕಳೆದ ಮೇಲೆ ಫೋಟೋಕ್ಕಿಂತ ಈ ಮಾತುಗಳೇ ಜಾಸ್ತಿ ಉಪಯೋಗ. ರಾತ್ರಿಯ ಫೋಟೋದಲ್ಲಿ ಫೋನು ಕತ್ತಲನ್ನೆಲ್ಲ ತಾನೇ ತಿಳಿ ಮಾಡಿಬಿಡುತ್ತದೆ. ನಿಮ್ಮ ಕಣ್ಣಿಗೆ ಕಾಣದ ಮೂಲೆಯನ್ನೂ ತೋರಿಸುತ್ತದೆ. ಹಾಗಾಗಿ ಕಿರೀಟದ ಕಟ್ಟು ಹೇಗಿದೆ, ಭುಜಕೀರ್ತಿ ಎಲ್ಲಿ ಕೂರುತ್ತದೆ ಎಂದು ನೋಡುವುದಕ್ಕೆ ಮಾತ್ರ ಫೋಟೋ ಬಳಸುತ್ತೇನೆ. ನೆರಳು ಬೆಳಕಿಗೆ ಅದನ್ನು ನಂಬುವುದಿಲ್ಲ.

ಮುಂದಿನದ್ದೇ ಎಲ್ಲಕ್ಕಿಂತ ಮುಖ್ಯ. ಹೆಚ್ಚಿನವರು ಹಾರಿಸಿಬಿಡುವುದೂ ಇದನ್ನೇ. ಸ್ಕೆಚ್‌ನಿಂದ ಸೀದಾ ದೊಡ್ಡ ಪೇಪರಿಗೆ ಹೋಗಬೇಡಿ. ನಡುವೆ ಬೆಂಕಿಪೆಟ್ಟಿಗೆ ಗಾತ್ರದ ಚಿತ್ರಗಳನ್ನು ಮಾಡಿ. ಬಣ್ಣ ಬೇಡ. ಮೂರೇ ಛಾಯೆ: ಪೇಪರಿನ ಬಿಳಿ, ನಡುವಿನ ಬೂದು, ಕಪ್ಪು. ಗೆರೆಯನ್ನೂ ಎಳೆಯಬೇಡಿ, ಬರೀ ತುಂಡುಗಳಾಗಿ ಇಡಿ. ಇಷ್ಟು ಚಿಕ್ಕದರಲ್ಲಿ ಕಣ್ಣು ಮೂಗು ಬರೆಯಲು ಜಾಗವೇ ಇರುವುದಿಲ್ಲ, ಅದೇ ಇದರ ಲಾಭ.

ಚೌಕಿಯದ್ದನ್ನೇ ನೋಡಿ. ಒಂದರಲ್ಲಿ ಇಡೀ ಚೌಕಿ ಬೆಳಕಿನಲ್ಲಿ, ಕನ್ನಡಿ ಹಿಡಿದವರು ಮುಂದೆ ಕಪ್ಪು ನೆರಳಾಗಿ. ಇನ್ನೊಂದರಲ್ಲಿ ಸಾಲಾಗಿ ಕೂತವರೆಲ್ಲ ಬೂದು, ನಡುವಿನ ಬಲ್ಬು ಬಿಳಿ. ಮತ್ತೊಂದರಲ್ಲಿ ಅರ್ಧ ಬಣ್ಣ ಹಚ್ಚಿದ ಮುಖ ಮತ್ತು ಕನ್ನಡಿ ಹಿಡಿದ ಕೈ ಮಾತ್ರ ಬಿಳಿ. ಉಳಿದದ್ದೆಲ್ಲ, ಅಂದರೆ ಹಿಂದೆ ಕೂತವರು, ಪೆಟ್ಟಿಗೆ, ನೇತು ಹಾಕಿದ ಚೌಕುಳಿ ಸೀರೆ ಎಲ್ಲ ಸೇರಿ ಒಂದೇ ಗಾಢ ಆಕಾರ. ಮೂರೂ ಒಂದೇ ಸ್ಕೆಚ್‌ನಿಂದ ಹುಟ್ಟಿದ್ದು. ಆದರೆ ಮೂರೂ ಬೇರೆ ಬೇರೆ ಕತೆ ಹೇಳುತ್ತವೆ. ಮೊದಲನೆಯದು ಜಾಗದ ಚಿತ್ರ. ಎರಡನೆಯದು ಮೇಳದ ಚಿತ್ರ. ಮೂರನೆಯದು, ಒಬ್ಬ ಮನುಷ್ಯ ಕನ್ನಡಿಯಲ್ಲಿ ನಿಧಾನವಾಗಿ ರಾಕ್ಷಸ ಆಗುತ್ತಿರುವ ಚಿತ್ರ. ನಾನು ಬರೆಯಬೇಕೆಂದು ಕೂತದ್ದು ಅದನ್ನೇ. ಹಾಗಾಗಿ ಮೂರನೆಯದನ್ನು ಆರಿಸಿದೆ. ಇಲ್ಲಿಂದ ಮುಂದೆ ಯಾವುದೇ ಗೊಂದಲ ಬಂದರೂ ಉತ್ತರ ಆ ಬೆಂಕಿಪೆಟ್ಟಿಗೆಯಲ್ಲೇ ಇರುತ್ತದೆ. ಹಿಂದಿನ ಸೀರೆಯ ಚೌಕುಳಿ ಬರೆಯಬೇಕೇ? ಅದು ಕಪ್ಪಿನ ಒಳಗಿದೆ, ಬೇಡ.

ಇಷ್ಟೊಂದು ಮೊದಲೇ ನಿರ್ಧಾರ ಮಾಡಿದರೆ ಪೇಂಟಿಂಗ್‌ನ ಸಹಜತೆ ಹೋಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡಿ ಬನ್ನಿ ಎನ್ನುತ್ತೇನೆ. ಇಟಲಿಯಿಂದ ಬಂದ ಜೆಸುಯಿಟ್ ಕಲಾವಿದ ಅಂತೋನಿಯೊ ಮೊಸ್ಕೆನಿ 1899ರಲ್ಲಿ ಶುರು ಮಾಡಿದ ಕೆಲಸ ಅದು. ಗೋಡೆಯ ಮೇಲಿನದ್ದು ಫ್ರೆಸ್ಕೊ. ಫ್ರೆಸ್ಕೊ ಅಂದರೆ ಹಸಿ ಸುಣ್ಣದ ಗಾರೆಯ ಮೇಲೆ ಬಣ್ಣ ಹಾಕುವುದು. ಸುಣ್ಣ ಗಟ್ಟಿಯಾಗುವಾಗ ಬಣ್ಣವನ್ನೂ ತನ್ನೊಳಗೆ ಹಿಡಿದುಕೊಳ್ಳುತ್ತದೆ. ಹಾಗಾಗಿ ಆ ದಿನ ಮುಗಿಸಲು ಆಗುವಷ್ಟು ಜಾಗಕ್ಕೆ ಮಾತ್ರ ಗಾರೆ ಬಳಿಯುವುದು ಈ ಕೆಲಸದ ಹಳೆಯ ಕ್ರಮ. ಗೋಡೆಯ ಮುಂದೆ ನಿಂತು ಯೋಚಿಸುತ್ತಾ ಕೂರಲು ಆಗುವುದಿಲ್ಲ. ಯೋಚನೆ ಎಲ್ಲ ಮೊದಲೇ ಕಾಗದದ ಮೇಲೆ ಮುಗಿದಿರಬೇಕು. ವಾಟರ್‌ಕಲರ್ ಕೂಡ ಹೀಗೆಯೇ. ಏನು ಮಾಡಬೇಕೆಂದು ಗೊತ್ತಿರುವವರ ಬ್ರಷ್ ಮಾತ್ರ ಬೇಗ ಓಡುತ್ತದೆ. ಬೇಗ ಓಡಿದ ಬ್ರಷ್‌ನಲ್ಲೇ ನೀವು ಕೇಳುತ್ತಿರುವ ಜೀವ ಇರುವುದು.

ದೊಡ್ಡದು ಮಾಡುವ ಕ್ರಮ ಸುಲಭ. ಎ5ರಿಂದ ಎ3ಗೆ ಸರಿಯಾಗಿ ಎರಡು ಪಟ್ಟು. ಜೆರಾಕ್ಸ್ ಅಂಗಡಿಯಲ್ಲಿ 200 ಪರ್ಸೆಂಟ್ ಎಂದರೆ ಮಾಡಿಕೊಡುತ್ತಾರೆ. ವಾಟರ್‌ಕಲರ್ ಹಾಳೆಯ ಅರ್ಧ ತುಂಡು 15 ಇಂಚು, 22 ಇಂಚು ಇರುತ್ತದೆ. ಅದು ಎ3ಗಿಂತ ದೊಡ್ಡದು, ಆಕಾರವೂ ಸ್ವಲ್ಪ ಉದ್ದನೆಯದು. ಅಂಚಿನಲ್ಲಿ ಏನು ಸೇರಿಸಬೇಕು, ಏನು ಕತ್ತರಿಸಬೇಕು ಎಂದು ಮೊದಲೇ ನೋಡಿಕೊಳ್ಳಿ. ಜೆರಾಕ್ಸ್‌ನ ಹಿಂಬದಿಗೆ ಮೆತ್ತನೆಯ ಪೆನ್ಸಿಲ್ ಉಜ್ಜಿ, ಪೇಪರಿನ ಮೇಲಿಟ್ಟು ತಿದ್ದಿದರೆ ಗೆರೆ ಇಳಿಯುತ್ತದೆ. ಆದರೆ ಎಲ್ಲ ಗೆರೆಯನ್ನೂ ಇಳಿಸಬೇಡಿ. ತಲೆ ಎಲ್ಲಿ, ಮೊಣಕೈ ಎಲ್ಲಿ, ಕನ್ನಡಿಯ ಓರೆ ಎಷ್ಟು, ಬೆಳಕು ಎಲ್ಲಿ ಮುಗಿಯುತ್ತದೆ, ಇಷ್ಟು ಸಾಕು. ಉಳಿದದ್ದನ್ನು ಸ್ಕೆಚ್ ನೋಡುತ್ತಾ ಹೊಸದಾಗಿ ಬರೆಯಿರಿ. ತಿದ್ದಿದ ಗೆರೆ ಬೇರೆ, ಬರೆದ ಗೆರೆ ಬೇರೆ. ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ.

ಬಣ್ಣಕ್ಕೆ ಮೊದಲು ಅಂಗೈ ಅಗಲದ ಒಂದು ಪರೀಕ್ಷೆ ಚಿತ್ರ ಮಾಡುತ್ತೇನೆ, ಅದೇ ಪೇಪರಿನ ತುಂಡಿನ ಮೇಲೆ. ಚೌಕಿಯಲ್ಲಿ ಬಣ್ಣಗಳ ಆಸೆ ತಡೆಯುವುದು ಕಷ್ಟ. ಇಂಗಳೀಕದ ಕೆಂಪು, ಅರದಾಳದ ಹಳದಿ, ಕಾಡಿಗೆ, ಮೇಲೆ ಬೇಗಡೆಯ, ಅಂದರೆ ತೆಳು ಹೊಳೆಯುವ ಹಾಳೆಯ, ಹೊಳಪು. ಎಲ್ಲವನ್ನೂ ಅದರ ಅದರ ಬಣ್ಣದಲ್ಲೇ ಹಾಕಿದರೆ ಮುಖದ ಕೆಂಪಿಗೆ ಬೆಲೆಯೇ ಉಳಿಯುವುದಿಲ್ಲ. ಹಾಗಾಗಿ ಶುದ್ಧ ಕೆಂಪು ಮುಖದ ಮೇಲೆ ಮಾತ್ರ. ಹಿಂದಿನ ಕತ್ತಲೆಗೆ ಟ್ಯೂಬಿನ ಕಪ್ಪು ಬಳಸುವುದಿಲ್ಲ. ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಸಿಯೆನಾ ದಪ್ಪಗೆ ಕಲಸಿದರೆ ಒಳ್ಳೆಯ ಕಪ್ಪು ಬರುತ್ತದೆ. ಬಲ್ಬಿನ ಹತ್ತಿರ ಕಂದು ಜಾಸ್ತಿ, ಮೂಲೆಗೆ ಹೋದ ಹಾಗೆ ನೀಲಿ ಜಾಸ್ತಿ. ಆ ಕತ್ತಲೆಯಲ್ಲಿ ಗಾಳಿ ಆಡುತ್ತದೆ. ಬೇಗಡೆಗೆ ಚಿನ್ನದ ಬಣ್ಣ ಬೇಡ. ಒಂದೆರಡು ಕಡೆ ಪೇಪರಿನ ಬಿಳಿ ಬಿಟ್ಟು, ಪಕ್ಕದಲ್ಲೇ ಗಾಢ ಕಂದು ಇಟ್ಟರೆ ಅದು ತಾನೇ ಹೊಳೆಯುತ್ತದೆ.

ವಾಟರ್‌ಕಲರ್ ಒಣಗಿದ ಮೇಲೆ ತಿಳಿಯಾಗುತ್ತದೆ ಎನ್ನುವುದನ್ನು ನೆನಪಿಡಿ. ಹಸಿ ಇರುವಾಗ ಇದು ಜಾಸ್ತಿ ಆಯಿತು ಅನ್ನಿಸುವಷ್ಟು ಗಾಢ ಹಾಕಬೇಕು. ಹೊಸಬರ ಚಿತ್ರ ಪೇಲವವಾಗಿ ಕಾಣುವುದಕ್ಕೆ ಅರ್ಧ ಕಾರಣ ಇದೇ. ಬ್ರಷ್ ದೊಡ್ಡದಿರಲಿ. ಮೊದಲು ಎಲ್ಲ ಕಡೆ ತಿಳಿ ಬಣ್ಣ, ಬಿಳಿ ಬಿಡಬೇಕಾದಲ್ಲಿ ಬಿಟ್ಟು. ಆಮೇಲೆ ಆ ದೊಡ್ಡ ಕಪ್ಪು ಆಕಾರ ಒಂದೇ ಉಸಿರಿಗೆ. ಚಿಕ್ಕ ಬ್ರಷ್ ಕೊನೆಗೆ, ಮುಖದ ಚಿಟ್ಟಿಗೆ ಮತ್ತು ಕಣ್ಣಿಗೆ.

ನೀವು ಕರಾವಳಿಯವರಾದರೆ ಮಳೆಗಾಲದ ಬಗ್ಗೆ ಒಂದು ಮಾತು. ಇಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಪೇಪರು ತೇವ ಎಳೆದುಕೊಳ್ಳುತ್ತದೆ. ಪೇಪರಿನ ಮೇಲಿರುವ ಅಂಟಿನ ಪದರಕ್ಕೆ ಬೂಷ್ಟು ಹಿಡಿದರೆ ಬಣ್ಣ ಅಲ್ಲಲ್ಲಿ ಇಂಗಿ ಚುಕ್ಕೆ ಚುಕ್ಕೆಯಾಗುತ್ತದೆ. ಆಮೇಲೆ ಅದನ್ನು ಸರಿ ಮಾಡಲು ಬರುವುದಿಲ್ಲ. ಹಾಗಾಗಿ ಪೇಪರನ್ನು ಗಾಳಿಯಾಡದ ಪ್ಲಾಸ್ಟಿಕ್ ಕವರಿನಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಕಟ್ಟಿಡಿ. ಮೊದಲ ಪದರ ಒಣಗಿತೇ ಎಂದು ನೋಡಲು ಕೈಯ ಹಿಂಬದಿ ಮುಟ್ಟಿಸಿ. ತಣ್ಣಗಿದ್ದರೆ ಇನ್ನೂ ಹಸಿ ಇದೆ. ಆದರೆ ಮಳೆಗಾಲವನ್ನು ಬೈಯಬೇಡಿ. ನಿಧಾನ ಒಣಗುವುದರಿಂದ ಒಂದು ಬಣ್ಣ ಇನ್ನೊಂದರ ಒಳಗೆ ಹರಿಯಲು ಸಮಯ ಸಿಗುತ್ತದೆ. ಚೌಕಿಯ ಕತ್ತಲಿನ ಅಂಚು ನನಗೆ ಜುಲೈಯಲ್ಲಿ ಬರುವಷ್ಟು ಮೆತ್ತಗೆ ಮಾರ್ಚ್‌ನಲ್ಲಿ ಬರುವುದಿಲ್ಲ.

ಪುಸ್ತಕಕ್ಕೆ ಮಾಡುವ ಚಿತ್ರವಾದರೆ ಇನ್ನೆರಡು ಸಂಗತಿ ಸೇರುತ್ತದೆ. ಎರಡು ಪುಟಕ್ಕೆ ಹರಡಿದ ಚಿತ್ರದಲ್ಲಿ ನಡುವಿನ ಮಡಿಕೆಗೆ ಮುಖ ಬರಬಾರದು. ಅಕ್ಷರಕ್ಕೆ ಜಾಗ ಎಲ್ಲಿ ಎಂದು ಬೆಂಕಿಪೆಟ್ಟಿಗೆ ಚಿತ್ರದಲ್ಲೇ ಗುರುತು ಮಾಡಿರಬೇಕು.

ಮುಗಿಯಿತು ಎಂದು ಹೇಗೆ ತಿಳಿಯುವುದು? ಪೇಂಟಿಂಗನ್ನು ಗೋಡೆಗೆ ಒರಗಿಸಿ, ಆ ಚಿಕ್ಕ ಮೂರು ಛಾಯೆಯ ಚಿತ್ರವನ್ನು ಕೈಯಲ್ಲಿ ಹಿಡಿದು, ಕೋಣೆಯ ಆಚೆ ಬದಿಗೆ ಹೋಗಿ ಕಣ್ಣು ಅರೆಮುಚ್ಚಿ ನೋಡಿ. ಎರಡರಲ್ಲೂ ಒಂದೇ ಆಕಾರ ಕಂಡರೆ ಬ್ರಷ್ ತೊಳೆದಿಡಿ. ಮೂಲೆ ಖಾಲಿ ಕಾಣುತ್ತದೆ ಎಂದು ಸುಮ್ನೆ ಏನಾದರೂ ಸೇರಿಸಲು ಹೋಗಬೇಡಿ.

ಇನ್ನು, ಜೀವ ಇಲ್ಲ ಎಂದು ಬದಿಗಿಟ್ಟ ಆ ಪೇಂಟಿಂಗನ್ನು ಬಿಸಾಡಬೇಡಿ. ಅದರ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಮೂರು ಛಾಯೆಯಲ್ಲಿ ಗುರುತು ಮಾಡಿ ನೋಡಿ. ಹೆಚ್ಚಾಗಿ ಎಲ್ಲವೂ ನಡುವಿನ ಬೂದಿಗೇ ಬಂದು ನಿಂತಿರುತ್ತದೆ. ಹಾಗಿದ್ದರೆ ಹಿನ್ನೆಲೆಯಲ್ಲಿ ಬಿಡಿ ಬಿಡಿಯಾಗಿರುವುದನ್ನೆಲ್ಲ ಸೇರಿಸಿ ಮೇಲಿನಿಂದ ಒಂದು ಗಾಢ ಪದರ ಎಳೆಯಿರಿ. ಅಡಿಯ ಬಣ್ಣ ಚೆನ್ನಾಗಿ ಒಣಗಿರಲಿ, ಬ್ರಷ್ ಮೆತ್ತಗಿರಲಿ, ಒಮ್ಮೆ ಎಳೆದಲ್ಲಿ ಮತ್ತೆ ಉಜ್ಜಬೇಡಿ. ಮುಖವನ್ನು ಮುಟ್ಟಲೇಬೇಡಿ.