ಪ್ರತಿಕ್ರಿಯೆ: ಫ್ರೀಜರ್‌ನಲ್ಲಿಟ್ಟ ಟ್ರೌಟ್‌ಗೆ ಪೇಂಟ್ ವಾಸನೆ

ಪುಣೆಗೆ ತರಿಸಿ ಫ್ರೀಜರ್‌ನಲ್ಲಿಟ್ಟ ಹಿಮಾಚಲದ ಟ್ರೌಟ್ ಮೀನಿಗೆ ಪೇಂಟ್ ವಾಸನೆ ಬರುತ್ತಿದೆ ಅಂತ ಬರೆದಿದ್ದೀರಿ. ಮೀನು ಕೊಳೆತಂತಿಲ್ಲ, ಅದರ ಕೊಬ್ಬು ಕಮಟು ಹಿಡಿದಿರಬೇಕು. ಟ್ರೌಟ್‌ನಂಥ ತಣ್ಣೀರಿನ ಮೀನಲ್ಲಿ ಒಮೆಗಾ-3 ಅನ್ನೋ ಕೊಬ್ಬು ಜಾಸ್ತಿ. ಗಾಳಿ ತಾಗಿದರೆ ಬೇಗ ಕೆಡುವ ಕೊಬ್ಬೂ ಅದೇ. ಹಳೇ ಅಗಸೆ ಎಣ್ಣೆಗೂ ಇದೇ ವಾಸನೆ ಬರುತ್ತದೆ, ಅಲ್ವಾ? ಫ್ರೀಜರ್ ಇದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಮೊದಲು ಒಂದು ತುಂಡನ್ನು ಫ್ರಿಜ್‌ನ ಕೆಳಭಾಗದಲ್ಲಿಟ್ಟು ಕರಗಿಸಿ. ಹೊಟ್ಟೆಯ ಅಂಚು, ಚರ್ಮದ ಕೆಳಗಿನ ಪದರ ನೋಡಿ. ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿ, ಅದೇ ವಾಸನೆ ಇದ್ದರೆ ಎಸೆದುಬಿಡಿ. ಹುಣಸೆ, ನಿಂಬೆಗೆಲ್ಲ ಇದು ಹೋಗುವುದಿಲ್ಲ, ಸುಮ್ನೆ ಮಸಾಲೆ ದಂಡ. ಕೆಟ್ಟದ್ದು ಅಂಗಡಿಯಲ್ಲೋ ಮನೆಯಲ್ಲೋ, ನೀವು ಬರೆದಷ್ಟರಿಂದ ಹೇಳಲಾರೆ. ಪ್ಯಾಕ್ ಒಡೆದ ದಿನವೇ ವಾಸನೆ ಇದ್ದರೆ ಅಂಗಡಿಯವರನ್ನು ಕೇಳಿ.

ಮುಂದಿನ ಸಲ ಒಂದೊಂದು ಊಟಕ್ಕಾಗುವಷ್ಟು ತುಂಡು ಬೇರೆ ಮಾಡಿ. ಉಪ್ಪು ಹಚ್ಚಿ ಇಡಬೇಡಿ, ಉಪ್ಪು ತಾಗಿದರೆ ಕೊಬ್ಬು ಇನ್ನೂ ಬೇಗ ಕೆಡುತ್ತದೆ. ಗಟ್ಟಿಯಾದ ತುಂಡನ್ನು ಐಸ್ ನೀರಲ್ಲಿ ಅದ್ದಿ ಮತ್ತೆ ಫ್ರೀಜ್ ಮಾಡಿ. ಮೈಮೇಲೆ ತೆಳು ಮಂಜುಗಡ್ಡೆಯ ಪದರ ಕೂರುತ್ತದೆ, ಗಾಳಿ ತಾಗುವುದಿಲ್ಲ. ಆಮೇಲೆ ಗಾಳಿ ಪೂರ್ತಿ ತೆಗೆದು ಬಿಗಿಯಾಗಿ ಸುತ್ತಿ, ದಿನಾಂಕ ಬರೆದಿಡಿ. 2-3 ತಿಂಗಳೊಳಗೆ ಮುಗಿಸಿ.

ಹೊಳೆಯಲ್ಲಿ ಹಿಡಿದ ಟ್ರೌಟ್ ಆದರೆ ಹೀಗಾಗಲ್ವಾ ಅಂದಿರಿ. ಅದೂ ಕೆಡುತ್ತದೆ. ಅದು ಹುಳಹುಪ್ಪಟೆ ತಿಂದು ಬೆಳೆದದ್ದು, ಸಾಮಾನ್ಯವಾಗಿ ತೆಳ್ಳಗೆ, ಕೊಬ್ಬು ಕಡಿಮೆ ಅಷ್ಟೇ. ಸಾಕಿದ್ದರಲ್ಲಿ ಒಮೆಗಾ-3 ಎಷ್ಟಿರುತ್ತದೆ ಅನ್ನೋದು ಮೇವಿನ ಮೇಲೆ.

ಒಮೆಗಾ-3 ಒಂದೇ ಬೇಕಿದ್ದರೆ ಪುಣೆಯ ಕ್ಯಾಂಪ್ ಪ್ರದೇಶದ ಶಿವಾಜಿ ಮಾರ್ಕೆಟ್‌ನಲ್ಲಿ ತಾಜಾ ಬಂಗುಡೆ ಅಥವಾ ಬೂತಾಯಿ ಕೇಳಿ. ಕಣ್ಣು ಹೊಳೆಯುತ್ತಿರುವುದನ್ನು ಆರಿಸಿ, ಅವತ್ತೇ ಸಾರು ಮಾಡಿ.