ಓದುಗರ ಪ್ರಶ್ನೆಗೆ ಉತ್ತರ: ಜಾರುವ ಪಾವಟಿಗೆ ಮತ್ತು ಮನೆಯ ಹಿರಿಯರು

ಪ್ರಶ್ನೆ: ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮದೊಂದು ಹಳೆಯ ಮನೆ. ಅಂಗಳಕ್ಕೆ ಇಳಿಯಲು ಶಹಾಬಾದ ಕಲ್ಲಿನ ನಾಲ್ಕು ಪಾವಟಿಗೆಗಳಿವೆ. ಶ್ರಾವಣದ ಒಂದು ಸಂಜೆ 72 ವರ್ಷದ ನಮ್ಮ ಅವ್ವ ತುಳಸಿಕಟ್ಟೆಗೆ ದೀಪ ಇಡಲು ಇಳಿಯುವಾಗ ಕೊನೆಯ ಪಾವಟಿಗೆಯ ಮೇಲೆ ಜಾರಿ ಬಿದ್ದರು. ಎಲುಬು ಮುರಿದಿಲ್ಲವೆಂದರೂ ಮಣಿಕಟ್ಟು ಇನ್ನೂ ನೋಯುತ್ತದೆ. ಆಸಿಡ್ ಹಾಕಿ ಕಲ್ಲು ತೊಳೆಯಿರಿ ಎಂದು ನೆರೆಯವರು, ಗ್ರಾನೈಟ್ ಹಾಕಿಸೋಣ ಎಂದು ತಮ್ಮ ಹೇಳುತ್ತಾರೆ. ಅವ್ವನನ್ನು ಹೊರಗೆ ಬಿಡದಿರುವುದೇ ಲೇಸು ಎಂದು ನನಗೆ ತೋರುತ್ತದೆ.

ಉತ್ತರ: ಮೂರರಲ್ಲಿ ಒಂದನ್ನೂ ಮಾಡಬೇಡಿ. ಶಹಾಬಾದ ಕಲ್ಲು ಸುಣ್ಣದ ಕಲ್ಲು. ಅದರ ಮೇಲೆ ಆಸಿಡ್ ಸುರಿದಾಗ ಬುರುಗು ಏಳುವುದು ಕೊಳೆ ಹೋಗುವುದರಿಂದಲ್ಲ, ಕಲ್ಲೇ ಕರಗುವುದರಿಂದ. ಹಾಗೆ ಬಿದ್ದ ಸಣ್ಣ ಕುಳಿಗಳಲ್ಲಿ ನೀರು ನಿಂತು ಮುಂದಿನ ಮಳೆಗಾಲಕ್ಕೆ ಪಾಚಿ ಇನ್ನೂ ಬಲವಾಗಿ ಹಿಡಿಯುತ್ತದೆ. ಪಾಚಿಯನ್ನು ತೆಂಗಿನ ನಾರಿನ ಬ್ರಶ್‌ನಿಂದ ಸೋಪಿನ ನೀರು ಹಾಕಿ ಉಜ್ಜಿ ತೆಗೆಯಿರಿ. ಆಮೇಲೆ ಬ್ಲೀಚಿಂಗ್ ಪೌಡರ್ ಕಲಸಿದ ನೀರನ್ನು ಹತ್ತು ನಿಮಿಷ ಬಿಟ್ಟು ಚೆನ್ನಾಗಿ ತೊಳೆಯಿರಿ. ಬ್ಲೀಚಿಂಗ್ ಪೌಡರಿಗೆ ಆಸಿಡ್ ತಾಗಿದರೆ ಉಸಿರು ಕಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ, ಆದ್ದರಿಂದ ಎರಡನ್ನೂ ಎಂದಿಗೂ ಕೂಡಿಸಬೇಡಿ. ಪಾಲಿಶ್ ಮಾಡಿದ ಗ್ರಾನೈಟ್ ನೀರು ಬಿದ್ದರೆ ಈಗಿನ ಕಲ್ಲಿಗಿಂತ ಹೆಚ್ಚು ಜಾರೀತು. ತಮ್ಮನಿಗೆ ನೋಟದ ಆಸೆಯಿದ್ದರೆ ಒಳಗಿನ ಪಡಸಾಲೆಗೆ ಹಾಕಿಸಲಿ.

ಗಣಿಯಿಂದ ಪದರಪದರವಾಗಿ ಎದ್ದ ಈ ಫರಸಿ ಕಲ್ಲಿಗೆ ಹುಟ್ಟಿನಲ್ಲಿ ಒಂದಿಷ್ಟು ತರಿ ಇರುತ್ತದೆ. ಹತ್ತಾರು ವರ್ಷಗಳ ಕಾಲ ಪಾದಗಳು ತಿಕ್ಕಿ ತಿಕ್ಕಿ ಅದು ಕನ್ನಡಿಯಾಗುತ್ತದೆ. ಬೀಸುವ ಕಲ್ಲು ಸವೆದಾಗ ಉಳಿಪೆಟ್ಟು ಹಾಕಿಸುತ್ತಿದ್ದೆವಲ್ಲ, ಇಲ್ಲಿಯೂ ಅದೇ ಮದ್ದು. ಕಲ್ಲುಕುಟಿಗರನ್ನು ಕರೆಸಿ, ಪ್ರತಿ ಪಾವಟಿಗೆಯ ಅಂಚಿನಿಂದ ಮೂರು ಇಂಚು ಒಳಗಿನವರೆಗೆ, ಅಂಚಿಗೆ ಸಮಾನಾಂತರವಾಗಿ ಸಣ್ಣ ಗೀರುಗಳನ್ನು ಹೊಡೆಸಿರಿ. ಅವರು ಬಂದಾಗಲೇ ಅಳತೆಪಟ್ಟಿ ಹಿಡಿದು ನಾಲ್ಕೂ ಪಾವಟಿಗೆಗಳ ಎತ್ತರವನ್ನು ನೋಡಿರಿ. ಅಂಗಳಕ್ಕೆ ಆಮೇಲೆ ಕಾಂಕ್ರೀಟು ಹಾಕಿಸಿದ ಮನೆಗಳಲ್ಲಿ ಕೊನೆಯ ಪಾವಟಿಗೆ ಗಿಡ್ಡಾಗಿ ಉಳಿದಿರುತ್ತದೆ. ಮೇಲಿನ ಮೂರರ ಲೆಕ್ಕ ಕಲಿತ ಕಾಲು ನಾಲ್ಕನೆಯದಕ್ಕೂ ಅಷ್ಟೇ ಇಳಿಯಲು ಹೋಗುತ್ತದೆ, ಅರ್ಧ ಇಂಚಿನ ವ್ಯತ್ಯಾಸವೂ ಎಡವಲು ಸಾಕು. ನಿಮ್ಮ ತಾಯಿಯವರು ಬಿದ್ದದ್ದು ಕೊನೆಯದರ ಮೇಲೆಯೇ ಆದ್ದರಿಂದ ನನಗೆ ಈ ಅನುಮಾನ.

ಇನ್ನೊಂದು ಮಾತು. ದೀಪ ಇಡಲು ಹೊರಟವರ ಒಂದು ಕೈಯಲ್ಲಿ ಎಣ್ಣೆಯ ಬಟ್ಟಲು, ಇನ್ನೊಂದರಲ್ಲಿ ದೀಪ ಇದ್ದರೆ ಹಿಡಿದುಕೊಳ್ಳಲು ಕೈ ಎಲ್ಲಿದೆ? ಕಲ್ಲಿನ ಮೇಲೆ ತುಳುಕಿದ ಎಣ್ಣೆಯ ಹನಿ ಕಣ್ಣಿಗೆ ಕಾಣುವುದಿಲ್ಲ, ಅಂಗಾಲಿಗೆ ಮಾತ್ರ ತಿಳಿಯುತ್ತದೆ. ದೀಪ, ಎಣ್ಣೆ, ಬತ್ತಿ, ಕಡ್ಡಿಪೆಟ್ಟಿಗೆಗಳು ತುಳಸಿಕಟ್ಟೆಯ ಗೂಡಿನಲ್ಲಿಯೇ ಇರಲಿ, ಅವರು ಬರಿಗೈಯಲ್ಲಿ ಇಳಿಯಲಿ. ಹಿಡಿದುಕೊಳ್ಳಲು ಮೂರಡಿ ಎತ್ತರದ ಕಟಕಟೆಯೊಂದು, ಮೊದಲ ಪಾವಟಿಗೆಗಿಂತ ಮುಂಚೆಯೇ ಆರಂಭವಾಗಿ ಕೊನೆಯದನ್ನು ದಾಟಿ ನಿಲ್ಲುವಂತೆ ಇರಬೇಕು. ನಮ್ಮ ಮೇ ತಿಂಗಳ ಬಿಸಿಲಿಗೆ ಕಬ್ಬಿಣದ ಪೈಪು ಮುಟ್ಟಲಾರದಷ್ಟು ಕಾಯುವುದರಿಂದ ಮೇಲೆ ಕಟ್ಟಿಗೆಯ ಹಿಡಿಕೆ ಹಾಕಿಸುವುದು ಒಳಿತು. ರಂಗೋಲಿಯನ್ನು ಪಾವಟಿಗೆಯ ಮೇಲೆ ಬಿಡದೆ ಕೆಳಗೆ ಅಂಗಳದಲ್ಲಿ ಬಿಡಿರಿ.

ತಾಯಿಯವರನ್ನು ಒಳಗೆ ಕೂಡಿಸಿದರೆ ಕೆಲವೇ ವಾರಗಳಲ್ಲಿ ತೊಡೆಯ ಬಲ ಕುಗ್ಗಿ, ಮುಂದೆ ಹಾಸಿಗೆಯಿಂದ ಏಳುವಾಗಲೇ ಬೀಳುವ ಭಯ ಹೆಚ್ಚುತ್ತದೆ. ಅವರು ದಿನವೂ ಇಳಿಯಲಿ, ಹತ್ತಲಿ. ಎದ್ದು ನಿಂತಾಗ ತಲೆ ತಿರುಗುತ್ತದೆಯೇ, ರಕ್ತದೊತ್ತಡದ ಅಥವಾ ನಿದ್ರೆಯ ಗುಳಿಗೆ ಇದೆಯೇ ಎಂಬುದನ್ನು ವೈದ್ಯರಿಗೆ ತಿಳಿಸಿರಿ. ದೂರಕ್ಕೂ ಓದಿಗೂ ಒಂದೇ ಕನ್ನಡಕವಿದ್ದರೆ ಕೆಳಗೆ ನೋಡುವಾಗ ಪಾವಟಿಗೆಯ ಅಂಚು ಮಸುಕಾಗುತ್ತದೆ. ಅಂಚಿಗೆ ಹಳದಿ ಬಣ್ಣದ ಪಟ್ಟಿ ಬಳಿಸಿರಿ. ಮಣಿಕಟ್ಟಿನ ಸಣ್ಣ ಎಲುಬಿನ ಬಿರುಕು ಮೊದಲ ಎಕ್ಸ್‌ರೇಯಲ್ಲಿ ಕಾಣದೆ ಹೋಗುವುದುಂಟು, ನೋವು ಉಳಿದಿರುವುದರಿಂದ ಮತ್ತೊಮ್ಮೆ ತೋರಿಸಿರಿ.

ಪ್ರಶ್ನೆ: ಬಚ್ಚಲಲ್ಲಿ ಜಾರಿ ಬಿದ್ದವರಿಗೆ ತಕ್ಷಣ ಎಣ್ಣೆ ಹಚ್ಚಿ ತಿಕ್ಕಬಹುದೇ? (ಬೀದರ್‌ನ ಓದುಗರೊಬ್ಬರು)

ಉತ್ತರ: ತಿಕ್ಕಬಾರದು. ರಟ್ಟೆ ಹಿಡಿದು ಎಳೆದು ಎಬ್ಬಿಸಲೂಬಾರದು. ಒಂದು ಕಾಲು ಗಿಡ್ಡಾಗಿ, ಪಾದ ಹೊರಕ್ಕೆ ಹೊರಳಿ ಬಿದ್ದಿದ್ದರೆ ತೊಡೆಯ ಮೇಲ್ಭಾಗದ ಎಲುಬು ಮುರಿದಿರುವ ಸಂಭವ ಹೆಚ್ಚು. ಅಲುಗಾಡಿಸದೆ ಹೊದಿಸಿ 108ಕ್ಕೆ ಕರೆ ಮಾಡಿರಿ. ರಕ್ತ ತೆಳುವಾಗಿಸುವ ಗುಳಿಗೆ ತೆಗೆದುಕೊಳ್ಳುವವರ ತಲೆಗೆ ಪೆಟ್ಟು ಬಿದ್ದಿದ್ದರೆ, ಗಾಯ ಕಾಣದಿದ್ದರೂ, ಚೆನ್ನಾಗಿ ಮಾತನಾಡುತ್ತಿದ್ದರೂ, ಅಂದೇ ಆಸ್ಪತ್ರೆಗೆ ಒಯ್ಯಬೇಕು. ಬಚ್ಚಲ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿಕೊಳ್ಳದಂತೆ ಹಿರಿಯರಿಗೆ ಇಂದೇ ಹೇಳಿರಿ.