ಪ್ಲಗ್ ಬದಲಿಸಿದರೂ ಪಂಪ್‌ನ ಪೆಟ್ರೋಲ್ ಎಂಜಿನ್‌ನಲ್ಲಿ ಕಿಡಿ ಬರುತ್ತಿಲ್ಲ. ಹೊಸ ಕಾಯಿಲ್ ಹಾಕಲೋ, ಎಂಜಿನ್ನೇ ಬದಲಿಸಲೋ?

ಎರಡೂ ಬೇಡ. ಸದ್ಯಕ್ಕೆ ಏನನ್ನೂ ಕೊಳ್ಳಬೇಡಿ.

ನೀವು ಈಗ ನಿಂತಿರುವ ಜಾಗದಲ್ಲೇ ನಾನೂ ನಿಂತಿದ್ದೆ. ನನ್ನದೂ ನೀರೆತ್ತುವ ಸಣ್ಣ ಎಂಜಿನ್, ಹಗ್ಗ ಎಳೆದು ಸ್ಟಾರ್ಟ್ ಮಾಡುವಂಥದ್ದು. ಹಿಂದಿನ ದಿನ ಚೆನ್ನಾಗಿಯೇ ಓಡಿತ್ತು. ಸಂಜೆ ಕವರ್ ಬಿಚ್ಚಿ, ಒಳಗೆ ಸೇರಿದ್ದ ಹುಲ್ಲು, ಕಸ ಎಲ್ಲ ತೆಗೆದು, ಒರೆಸಿ, ವಾಪಸ್ ಹಾಕಿದ್ದೆ. ಮಾರನೇ ದಿನ ತೋಳು ಬಿದ್ದುಹೋಗುವಷ್ಟು ಹಗ್ಗ ಎಳೆದರೂ ಎಂಜಿನ್ ಒಂದು ಸಲ ಕೆಮ್ಮಲೂ ಇಲ್ಲ. ಪ್ಲಗ್ ಬಿಚ್ಚಿ, ಕ್ಯಾಪ್‌ಗೆ ಸಿಕ್ಕಿಸಿ, ಅದರ ತಿರುಪಿನ (ಥ್ರೆಡ್) ಭಾಗವನ್ನು ಎಂಜಿನ್ನಿನ ಲೋಹದ ಮೈಗೆ ತಾಗಿಸಿ ಎಳೆದು ನೋಡಿದೆ. ಕಿಡಿ ಇಲ್ಲ. ಹೊಸ ಪ್ಲಗ್ ಹಾಕಿದೆ, ಆಗಲೂ ಇಲ್ಲ.

ಎಡವಟ್ಟು ಆಗಿದ್ದು ಇದಾದ ಮೇಲೆ. ಸ್ವಲ್ಪ ಉದ್ದ ಆದರೂ ಪೂರ್ತಿ ಹೇಳುತ್ತೇನೆ.

ಮಲ್ಟಿಮೀಟರ್ ತಂದು, ವೈರ್ ಬಿಚ್ಚಿ, ಆನ್-ಆಫ್ ಸ್ವಿಚ್ ಅಳೆದೆ. ಬೀಪ್ ಬಂದರೆ ಕರೆಂಟ್ ಹರಿಯಲು ದಾರಿ ಕೂಡಿದೆ ಅಂತ. ಆಫ್ ಮಾಡಿದರೆ ಬೀಪ್ ಅನ್ನುತ್ತದೆ, ಆನ್ ಮಾಡಿದರೆ ಸುಮ್ಮನಾಗುತ್ತದೆ. ‘ಓ, ಸ್ವಿಚ್ ಕೆಟ್ಟಿದೆ, ಉಲ್ಟಾ ಆಗಿದೆ’ ಅಂದುಕೊಂಡೆ. ಮನೆಯ ಬಲ್ಬ್ ಸ್ವಿಚ್ ನೋಡಿ ಬೆಳೆದವರು ಇನ್ನೇನು ಅಂದುಕೊಳ್ಳುತ್ತಾರೆ? ಸ್ವಿಚ್ ಕಿತ್ತು ಹಾಕಿ, ಅದಕ್ಕೆ ಬರುವ ಎರಡೂ ವೈರ್‌ಗಳ ತುದಿ ಸುಲಿದು, ಒಂದಕ್ಕೊಂದು ಸುತ್ತಿ, ಬೆಸುಗೆ ಹಾಕಿ, ಮೇಲೆ ಟೇಪ್ ಸುತ್ತಿದೆ. ಅಚ್ಚುಕಟ್ಟಾದ ಕೆಲಸ. ಇನ್ನು ಕಿಡಿ ಬರದೆ ಎಲ್ಲಿಗೆ ಹೋಗುತ್ತದೆ ಅಂದುಕೊಂಡೆ.

ಆದರೆ ಇಂಥ ಎಂಜಿನ್‌ನಲ್ಲಿ ಆ ಸ್ವಿಚ್ ಕಾಯಿಲ್‌ಗೆ ಕರೆಂಟ್ ಕೊಡುವುದಿಲ್ಲ. ಇಲ್ಲಿ ಬ್ಯಾಟರಿಯೇ ಇಲ್ಲ, ಕೊಡುವುದು ಎಲ್ಲಿಂದ? ಹಗ್ಗ ಎಳೆದಾಗ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲ್‌ನಲ್ಲಿ ಕೂರಿಸಿರುವ ಮ್ಯಾಗ್ನೆಟ್ ಕಾಯಿಲ್ ಪಕ್ಕದಲ್ಲಿ ಹಾದು ಹೋದಾಗ ಕಾಯಿಲ್‌ನ ದಪ್ಪ ತಂತಿಯ ಸುತ್ತಿನಲ್ಲಿ ಕರೆಂಟ್ ಹುಟ್ಟುತ್ತದೆ. ಸರಿಯಾದ ಹೊತ್ತಿಗೆ ಒಳಗಿನ ಎಲೆಕ್ಟ್ರಾನಿಕ್ ಭಾಗ ಅದನ್ನು ಪಟ್ಟನೆ ಕಡಿಯುತ್ತದೆ. ಹಾಗೆ ಕಡಿದಾಗಲೇ ತೆಳು ತಂತಿಯ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಎದ್ದು ಪ್ಲಗ್‌ನಲ್ಲಿ ಕಿಡಿ ಹಾರುವುದು. ಸ್ವಿಚ್ ಆಫ್ ಮಾಡಿದರೆ ಕಾಯಿಲ್‌ನಿಂದ ಬರುವ ಸಣ್ಣ ವೈರ್ ಎಂಜಿನ್ನಿನ ಮೈಗೆ (ಬಾಡಿಗೆ) ಕೂಡಿಕೊಂಡು ‘ಅರ್ಥ್’ ಆಗುತ್ತದೆ. ಕರೆಂಟ್ ಆ ದಾರಿ ಹಿಡಿದು ಹರಿಯುತ್ತಲೇ ಇರುತ್ತದೆ, ಕಡಿಯುವುದೇ ಇಲ್ಲ. ಕಿಡಿ ಸತ್ತಿತು, ಎಂಜಿನ್ ನಿಂತಿತು. ಅಂದರೆ ಆ ವೈರ್ ಇರುವುದೇ ಕಿಡಿ ಕೊಲ್ಲಲಿಕ್ಕೆ. ನನ್ನ ಸ್ವಿಚ್ ಸರಿಯಾಗಿಯೇ ಇತ್ತು. ನಾನು ಎಂಜಿನ್ನನ್ನು ಶಾಶ್ವತವಾಗಿ ಆಫ್ ಮಾಡಿ, ಬಿಚ್ಚಿಹೋಗದಿರಲಿ ಅಂತ ಬೆಸುಗೆಯನ್ನೂ ಹಾಕಿದ್ದೆ!

ಇದು ಗೊತ್ತಿಲ್ಲದೆ ಹೊಸ ಕಾಯಿಲ್ ತಂದೆ. ಮ್ಯಾಗ್ನೆಟ್ಟಿಗೂ ಕಾಯಿಲ್ಲಿಗೂ ನಡುವೆ ವಿಸಿಟಿಂಗ್ ಕಾರ್ಡ್ ಇಟ್ಟು ಸಂದು ಹೊಂದಿಸಿದೆ. ಕಿಡಿ ಇಲ್ಲ. ಮ್ಯಾಗ್ನೆಟ್ ಶಕ್ತಿ ಹೋಗಿರಬೇಕು ಅಂತ ಫ್ಲೈವೀಲ್ ಬಿಚ್ಚಲು ಹೋಗಿ ಸುತ್ತಿಗೆಯಲ್ಲಿ ಹೊಡೆದೆ. ಗಾಳಿ ಬೀಸುವ ರೆಕ್ಕೆಯೊಂದು ಟಪ್ ಅಂತ ಮುರಿಯಿತು. ಕಿಡಿ ಬರುತ್ತಿಲ್ಲವೆಂದು ಶುರುವಾದ ರಿಪೇರಿ ಫ್ಲೈವೀಲ್ ಬದಲಿಸುವವರೆಗೆ ಬಂತು.

ಕೊನೆಗೆ ಗೊತ್ತಾಗಿದ್ದು ನನ್ನ ಜಾಣತನದಿಂದಲ್ಲ, ಮರೆವಿನಿಂದ. ಮೂರನೇ ಸಲ ಕಾಯಿಲ್ ಕೂರಿಸುವಾಗ ಆ ಸಣ್ಣ ವೈರ್ ಸಿಕ್ಕಿಸಲು ಮರೆತೆ. ಹಗ್ಗ ಎಳೆದರೆ ‘ಚಟ್’ ಅಂತ ನೀಲಿ ಕಿಡಿ. ವೈರ್ ಸಿಕ್ಕಿಸಿದೆ, ಕಿಡಿ ಮಾಯ. ತೆಗೆದೆ, ಮತ್ತೆ ಬಂತು. ಎಸೆಯಲು ಇಟ್ಟಿದ್ದ ಹಳೇ ಕಾಯಿಲ್ ಹಾಕಿ ನೋಡಿದೆ, ಅದೂ ಕಿಡಿ ಕೊಟ್ಟಿತು. ವೈರ್ ಹಿಡಿದುಕೊಂಡು ಹೋದರೆ ಕವರ್‌ನ ಒಂದು ಬೋಲ್ಟ್ ಅಡಿಯಲ್ಲಿ ಅದು ಸಿಕ್ಕಿ ಚಪ್ಪಟೆಯಾಗಿತ್ತು. ಪ್ಲಾಸ್ಟಿಕ್ ಹರಿದು, ಕೂದಲಿನಷ್ಟು ತಾಮ್ರ ಕವರ್‌ಗೆ ತಾಗುತ್ತಿತ್ತು. ಶುಚಿ ಮಾಡಿದ ದಿನ ನಾನೇ ಅದನ್ನು ಅಲ್ಲಿ ಸಿಕ್ಕಿಸಿದ್ದು.

ಹಾಗಾಗಿ ‘ಕಿಡಿ ಇಲ್ಲ ಅಂದರೆ ಕಾಯಿಲ್ ಹೋಗಿದೆ’ ಅನ್ನುವ ಮಾತನ್ನೇ ನಾನು ಒಪ್ಪುವುದಿಲ್ಲ. ಮೊದಲು ಆ ಸಣ್ಣ ವೈರನ್ನು, ಅಂದರೆ ಸ್ಟಾಪ್ ವೈರನ್ನು, ಕಾಯಿಲ್ ಹತ್ತಿರವೇ ಬಿಚ್ಚಿ. ಸ್ವಿಚ್ ಹತ್ತಿರ ಅಲ್ಲ, ಕಾಯಿಲ್ ಹತ್ತಿರ. ನಡುವೆ ಎಲ್ಲಿ ತಾಗುತ್ತಿದ್ದರೂ ಆಗ ಲೆಕ್ಕಕ್ಕಿಲ್ಲ. ಪ್ಲಗ್ ಹೊರಗಿಟ್ಟು, ಬಾಡಿಗೆ ಗಟ್ಟಿಯಾಗಿ ತಾಗಿಸಿ, ಜೋರಾಗಿ ಎಳೆಯಿರಿ. ಮೆತ್ತಗೆ ತಿರುಗಿಸಿದರೆ ಒಳ್ಳೆಯ ಕಾಯಿಲ್ಲೂ ಕಿಡಿ ಕೊಡುವುದಿಲ್ಲ. ಪ್ಲಗ್ ಇದ್ದ ತೂತಿನಿಂದ ಪೆಟ್ರೋಲ್ ಆವಿ ಬರುತ್ತದೆ, ಕಿಡಿಯನ್ನು ಅದರಿಂದ ದೂರ ಇಡಿ. ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿಯಬೇಡಿ, ನಾನು ಒಮ್ಮೆ ಹಿಡಿದಿದ್ದೇನೆ, ಸಾಕು.

ಕಿಡಿ ಬಂದರೆ ಕಾಯಿಲ್ ಸರಿಯಿದೆ. ತಪ್ಪು ವೈರ್‌ನಲ್ಲೋ, ಸ್ವಿಚ್‌ನಲ್ಲೋ, ಫೋರ್ ಸ್ಟ್ರೋಕ್ ಆಗಿ ಆಯಿಲ್ ಸೆನ್ಸರ್ ಇದ್ದರೆ ಅದರಲ್ಲೋ ಇದೆ. ಆಯಿಲ್ ಕಮ್ಮಿಯಾದರೆ ಈ ಸೆನ್ಸರ್ ಕೂಡ ಅದೇ ವೈರನ್ನು ಅರ್ಥ್ ಮಾಡುತ್ತದೆ. ಎಂಜಿನ್ ಇಳಿಜಾರಿನಲ್ಲಿ ವಾಲಿ ನಿಂತಿದ್ದರೂ ಹೀಗಾಗಬಹುದು. ಆಯಿಲ್ ನೋಡಿದ್ದೀರಾ? ಬಿಚ್ಚಿದ ವೈರ್ ಮತ್ತು ಬಾಡಿ ನಡುವೆ ಮೀಟರ್ ಇಡಿ, ಸ್ವಿಚ್ ಆನ್‌ನಲ್ಲಿ ಬೀಪ್ ಬರಬಾರದು. ಕಾಯಿಲ್‌ಗೆ ಸಿಕ್ಕಿಸಿಯೇ ಅಳೆದರೆ ಮೀಟರ್ ಹೇಗೂ ಕೂಗಬಹುದು, ಅದನ್ನು ನಂಬಬೇಡಿ.

ವೈರ್ ಬಿಚ್ಚಿದರೂ ಕಿಡಿ ಇಲ್ಲವೇ? ಪ್ಲಗ್ ಕ್ಯಾಪ್ ಒಳಗೆ ತುಕ್ಕು ನೋಡಿ. ಮ್ಯಾಗ್ನೆಟ್ ಮೇಲೂ ಕಾಯಿಲ್‌ನ ಕಬ್ಬಿಣದ ಕಾಲುಗಳ ಮೇಲೂ ತುಕ್ಕಿದ್ದರೆ ಎಮರಿ ಪೇಪರಿನಲ್ಲಿ ಉಜ್ಜಿ. ಸಂದು ಸುಮಾರು 0.3 ಮಿ.ಮೀ. ಇರಲಿ. ಇಷ್ಟಾದ ಮೇಲೂ ಇಲ್ಲ ಅಂದರೆ ಕಾಯಿಲ್ ತನ್ನಿ, ನಾನು ತಡೆಯುವುದಿಲ್ಲ. ಎಂಜಿನ್ ಬದಲಿಸುವ ಮಾತು ಮಾತ್ರ ಬಿಟ್ಟುಬಿಡಿ.

ಒಂದು ವಿಷಯ ಮರೆತೆ. ವೈರ್ ಬಿಚ್ಚಿಕೊಂಡೇ ಪ್ಲಗ್ ಹಾಕಿ ಸ್ಟಾರ್ಟ್ ಮಾಡಿದರೆ ಸ್ವಿಚ್ ಒತ್ತಿದರೂ ಎಂಜಿನ್ ನಿಲ್ಲುವುದಿಲ್ಲ. ಚೋಕ್ ಪೂರ್ತಿ ಮುಚ್ಚಬೇಕು, ಇಲ್ಲವೇ ಪೆಟ್ರೋಲ್ ಕಾಕ್ ಬಂದ್ ಮಾಡಿ ಕಾಯಬೇಕು. ನಾನು ಕಾಕ್ ಬಂದ್ ಮಾಡಿ, ಕಾರ್ಬ್ಯುರೇಟರ್‌ನಲ್ಲಿದ್ದದ್ದು ಖಾಲಿಯಾಗುವವರೆಗೂ ಅದರ ಮುಂದೆ ಪೆಚ್ಚಾಗಿ ನಿಂತಿದ್ದೆ.